ಶಾಲಾ ಶೂ ಮತ್ತು ಮಕ್ಕಳ ಬೆಳೆಯುವ ಪಾದ

ಶಾಲಾ ಶೂ ಎಂದರೆ ಸಮವಸ್ತ್ರದ ಭಾಗವಾಗಿ ಮಕ್ಕಳು ತೊಡುವ, ಬೆರಳುಗಳನ್ನೂ ಹಿಮ್ಮಡಿಯನ್ನೂ ಪೂರ್ತಿ ಮುಚ್ಚುವ ಪಾದರಕ್ಷೆ. ಕರ್ನಾಟಕದ ಶಾಲೆಗಳಲ್ಲಿ ಇದರ ಎರಡು ಬಗೆ ರೂಢಿಯಲ್ಲಿವೆ. ದಿನಬಳಕೆಗೆ ಕಪ್ಪು ಶೂ, ಆಟೋಟದ ದಿನಕ್ಕೋ ಶನಿವಾರಕ್ಕೋ ಬಿಳಿ ಕ್ಯಾನ್ವಾಸ್ ಶೂ. ಎಲ್‌ಕೆಜಿಯಿಂದ ಹತ್ತನೇ ತರಗತಿಯವರೆಗೆ ಮಗು ದಿನದ ಎಚ್ಚರದ ಹೊತ್ತಿನ ದೊಡ್ಡ ಪಾಲನ್ನು ಇವುಗಳಲ್ಲಿ ಕಾಲಿಟ್ಟೇ ಕಳೆಯುತ್ತದೆ. ಪಾದದ ಕಮಾನು ಮೂಡುವುದು, ಮೂಳೆಗಳು ಬಲಿಯುವುದು, ಪಾದ ತನ್ನ ಪೂರ್ಣ ಉದ್ದಕ್ಕೆ ಬರುವುದು ಎಲ್ಲವೂ ಬಹುಮಟ್ಟಿಗೆ ಇದೇ ವರ್ಷಗಳಲ್ಲಿ ನಡೆಯುತ್ತದೆ. ಆದರೆ ಶೂ ಕೊಳ್ಳುವುದು ವರ್ಷಕ್ಕೊಮ್ಮೆ, ಮೇ ಕೊನೆಯ ವಾರದ ನೂಕುನುಗ್ಗಲಿನಲ್ಲಿ, ಪುಸ್ತಕ, ಬ್ಯಾಗು, ಬಟ್ಟೆಯ ಖರ್ಚೆಲ್ಲ ಮುಗಿದ ಮೇಲೆ. ಮಕ್ಕಳ ಪಾದದ ಹೆಚ್ಚಿನ ತೊಂದರೆಗಳು ಶೂವಿನ ಗುಣಮಟ್ಟಕ್ಕಿಂತ ಅದರ ಅಳತೆಗೆ ಸಂಬಂಧಿಸಿದವು. ಆ ಅಳತೆಯನ್ನು ವರ್ಷದ ನಡುವೆ ಯಾರೂ ಮತ್ತೆ ನೋಡದಿರುವುದೇ ಅವುಗಳಿಗೆ ಮುಖ್ಯ ಕಾರಣ.

ಪಾದ ಬೆಳೆಯುವ ಬಗೆ

ದೊಡ್ಡವರ ಒಂದು ಪಾದದಲ್ಲಿ 26 ಮೂಳೆಗಳೂ 33 ಕೀಲುಗಳೂ ಇವೆ. ಹುಟ್ಟಿದ ಮಗುವಿನಲ್ಲಿ ಪಾದದ ಹಿಂಭಾಗದ ಮತ್ತು ನಡುಭಾಗದ ಹಲವು ಮೂಳೆಗಳು ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತವೆ. ಒಳಬದಿಯ ಕಮಾನಿನ ನೆತ್ತಿಯಲ್ಲಿ ಕೂರುವ ನಾವಿಕ್ಯುಲರ್ ಮೂಳೆ ಗಟ್ಟಿಯಾಗಲು ಆರಂಭಿಸುವುದು ಸುಮಾರು ಮೂರನೇ ವರ್ಷದಲ್ಲಿ. ಹಿಮ್ಮಡಿ ಮೂಳೆಯ ಹಿಂತುದಿಯಲ್ಲಿ ಬೆಳವಣಿಗೆಯ ಒಂದು ಪ್ರತ್ಯೇಕ ತುಣುಕು ಏಳೆಂಟನೇ ವರ್ಷದ ಆಸುಪಾಸಿನಲ್ಲಿ ಕಾಣಿಸಿಕೊಂಡು, ಹದಿಹರೆಯದಲ್ಲಿ ಮುಖ್ಯ ಮೂಳೆಯೊಂದಿಗೆ ಕೂಡಿಕೊಳ್ಳುತ್ತದೆ. ಅಂದರೆ ಐದನೇ ತರಗತಿಯ ಮಗುವಿನ ಪಾದ ನೋಡಲು ಪೂರ್ಣವಾಗಿ ಕಂಡರೂ ಒಳಗೆ ಇನ್ನೂ ಕಟ್ಟಡದ ಕೆಲಸ ನಡೆಯುತ್ತಲೇ ಇರುತ್ತದೆ.

ಮೃದ್ವಸ್ಥಿ ಒತ್ತಡಕ್ಕೆ ಬಾಗುತ್ತದೆ, ನೋವು ಮಾತ್ರ ಬೇಗ ತಿಳಿಸುವುದಿಲ್ಲ. ಚಿಕ್ಕ ಮಕ್ಕಳ ಅಂಗಾಲಿನಲ್ಲಿ ಕೊಬ್ಬಿನ ಪದರವೂ ದಪ್ಪ. ಹೀಗಾಗಿ ಒಂದು ಸೈಜ್ ಚಿಕ್ಕದಾದ ಶೂವಿನಲ್ಲೂ ಬೆರಳು ಮಡಿಸಿಕೊಂಡು ಮಗು ದಿನವಿಡೀ ಓಡಾಡುತ್ತದೆ. ‘ಬಿಗಿ ಆಗ್ತಿದೆಯಾ ಪುಟ್ಟಾ?’ ಎಂದು ಕೇಳಿದರೆ ಇಲ್ಲ ಎನ್ನುತ್ತದೆ. ಆ ಉತ್ತರದಲ್ಲಿ ಸುಳ್ಳಿಲ್ಲ. ಅದಕ್ಕೆ ನಿಜವಾಗಿ ಗೊತ್ತಾಗಿರುವುದಿಲ್ಲ. ಆದ್ದರಿಂದ ಮಗುವಿನ ಮಾತಿನ ಮೇಲೆ ಶೂವಿನ ಅಳತೆಯನ್ನು ನಿರ್ಧರಿಸುವಂತಿಲ್ಲ.

ಪಾದದ ಉದ್ದ ಹೇಗೆ ಏರುತ್ತದೆ ಎಂಬುದಕ್ಕೆ ಇಂದಿಗೂ ಆಧಾರವಾಗಿ ಬಳಸುವ ಅಳತೆಗಳನ್ನು ಅಮೆರಿಕದ ಬ್ಲೇ, ಗ್ರೀನ್ ಮತ್ತು ಆಂಡರ್ಸನ್ 1956ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದಂತೆ ಹೆಣ್ಣುಮಗುವಿನ ಪಾದ ಒಂದು ವರ್ಷಕ್ಕೆ, ಗಂಡುಮಗುವಿನದು ಒಂದೂವರೆ ವರ್ಷಕ್ಕೆ ದೊಡ್ಡವರಾದಾಗಿನ ಉದ್ದದ ಅರ್ಧವನ್ನು ಮುಟ್ಟಿಬಿಡುತ್ತದೆ. ಆಮೇಲೆ ವೇಗ ತಗ್ಗಿ, ಐದನೇ ವರ್ಷದಿಂದ ಹನ್ನೆರಡನೆಯ ವರ್ಷದವರೆಗೆ ವರ್ಷಕ್ಕೆ ಸರಾಸರಿ 9 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಹುಡುಗಿಯರ ಪಾದ ಹನ್ನೆರಡು ಹದಿಮೂರರ ಹೊತ್ತಿಗೆ, ಹುಡುಗರದು ಹದಿನಾಲ್ಕು ಹದಿನೈದರ ಹೊತ್ತಿಗೆ ಬಹುತೇಕ ಪೂರ್ಣ ಉದ್ದಕ್ಕೆ ಬರುತ್ತದೆ. ದೇಹದ ಎತ್ತರ ಅದಾದ ಮೇಲೂ ಏರುತ್ತಿರುತ್ತದೆ. ಅಪ್ಪನ ಚಪ್ಪಲಿ ಮಗನ ಕಾಲಿಗೆ ಆಗುವ ದಿನ ಮಗ ಇನ್ನೂ ಅಪ್ಪನ ಭುಜದವರೆಗೆ ಮಾತ್ರ ಬಂದಿರುವುದು ಇದರಿಂದಲೇ.

ಬೆಳವಣಿಗೆ ತಿಂಗಳಿಂದ ತಿಂಗಳಿಗೆ ಸಮವಾಗಿ ಹಂಚಿಕೊಂಡಿರುವುದಿಲ್ಲ. ಎರಡು ಮೂರು ತಿಂಗಳು ನಿಂತಂತೆ ಇದ್ದ ಪಾದ ಒಮ್ಮೆಲೇ ಮುಂದೆ ಹೋಗಬಹುದು. ಎರಡು ಪಾದಗಳ ಉದ್ದವೂ ಎಷ್ಟೋ ಮಕ್ಕಳಲ್ಲಿ ಒಂದೇ ಆಗಿರುವುದಿಲ್ಲ. ಶೂ ಯಾವಾಗಲೂ ದೊಡ್ಡ ಪಾದದ ಅಳತೆಗೆ ಬೇಕು.

ಚಪ್ಪಟೆ ಪಾದದ ಆತಂಕ

ಮಕ್ಕಳ ಪಾದದ ವಿಷಯದಲ್ಲಿ ತಂದೆತಾಯಿ ವೈದ್ಯರ ಬಳಿ ತರುವ ದೂರುಗಳಲ್ಲಿ ಮುಂಚೂಣಿಯಲ್ಲಿರುವುದು ಚಪ್ಪಟೆ ಪಾದ. ಒದ್ದೆ ಕಾಲಲ್ಲಿ ಕಾವಿ ನೆಲದ ಮೇಲೆ ನಡೆದ ಮಗುವಿನ ಹೆಜ್ಜೆಗುರುತಿನಲ್ಲಿ ಒಳಬದಿಯ ಬಾಗು ಕಾಣದಿದ್ದರೆ ಮನೆಯವರಿಗೆ ಚಿಂತೆ ಹತ್ತುತ್ತದೆ. ಚಿಕ್ಕ ಮಕ್ಕಳಲ್ಲಿ ಇದು ರೋಗವೇ ಅಲ್ಲ. ಕೊಬ್ಬಿನ ಪದರ ಮತ್ತು ಸಡಿಲ ಅಸ್ಥಿರಜ್ಜುಗಳಿಂದಾಗಿ ಆರಂಭದ ವರ್ಷಗಳಲ್ಲಿ ಕಮಾನು ಕಾಣುವುದಿಲ್ಲ. ಅದು ಮೊದಲ ಹತ್ತು ವರ್ಷಗಳಲ್ಲಿ ತಾನಾಗಿ ಮೂಡುತ್ತದೆ. ಆಸ್ಟ್ರಿಯದಲ್ಲಿ ಮೂರರಿಂದ ಆರು ವರ್ಷದ 835 ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷದವರಲ್ಲಿ ಶೇ 54 ಮಂದಿಗೆ ಚಪ್ಪಟೆ ಪಾದವಿತ್ತು. ಆರು ವರ್ಷದವರಲ್ಲಿ ಅದು ಶೇ 24ಕ್ಕೆ ಇಳಿದಿತ್ತು. ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿದಾಗ ಕಮಾನು ಎದ್ದು ಕಂಡರೆ, ನೋವೂ ಇಲ್ಲದಿದ್ದರೆ, ಆ ಪಾದಕ್ಕೆ ಯಾವ ಚಿಕಿತ್ಸೆಯೂ ಬೇಡ.

ಈ ವಿಷಯದಲ್ಲಿ ಜಗತ್ತಿನಾದ್ಯಂತ ಇಂದಿಗೂ ಉಲ್ಲೇಖಗೊಳ್ಳುವ ಒಂದು ಸಮೀಕ್ಷೆ ಕರ್ನಾಟಕದ್ದು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ಶಸ್ತ್ರವೈದ್ಯರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ವಿಶ್ಲೇಷಿಸಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇ 8.6 ಮಂದಿಗೆ, ಬರಿಗಾಲಲ್ಲೇ ಓಡಾಡುವವರಲ್ಲಿ ಶೇ 2.8 ಮಂದಿಗೆ ಚಪ್ಪಟೆ ಪಾದ ಕಂಡುಬಂತು. ತೊಡುವವರಲ್ಲೂ ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಅದು ಅತಿ ಹೆಚ್ಚು, ಸ್ಯಾಂಡಲ್ ಅಥವಾ ಚಪ್ಪಲಿ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಕೀಲುಗಳು ಸಡಿಲವಾಗಿರುವ ಮಕ್ಕಳಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತಿತ್ತು. ಎಳವೆಯಲ್ಲಿ ಶೂ ತೊಡುವುದು ಕಮಾನಿನ ಬೆಳವಣಿಗೆಗೆ ಅಡ್ಡಿಯಾಗುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಇದೇ ಪ್ರಶ್ನೆಯನ್ನು ಬೆಳವಣಿಗೆ ಮುಗಿದ 1846 ಮಂದಿಯಲ್ಲಿ ಪರಿಶೀಲಿಸಿ ಸಚ್ಚಿದಾನಂದಂ ಮತ್ತು ಜೋಸೆಫ್ 1995ರಲ್ಲಿ ಬರೆದರು. ಹದಿನಾರರ ಬಳಿಕ ಶೂ ತೊಡಲಾರಂಭಿಸಿದವರಿಗಿಂತ ಬಾಲ್ಯದಲ್ಲೇ ಆರಂಭಿಸಿದವರಲ್ಲಿ ಚಪ್ಪಟೆ ಪಾದ ಹೆಚ್ಚಿತ್ತು.

ಒಂದು ಸಮೀಕ್ಷೆ ಕಾರಣವನ್ನು ಪೂರ್ತಿ ಸಾಬೀತು ಮಾಡಲಾರದು, ನೋವಿಲ್ಲದ ಚಪ್ಪಟೆ ಪಾದದಿಂದ ಬದುಕಿಗೆ ತೊಡಕೂ ಇಲ್ಲ. ಹಾಗಿದ್ದರೂ ಈ ಅಂಕಿಗಳು ಮುಖ್ಯ. ಪಾದಕ್ಕೆ ಬಲ ಕೊಡಲು ಗಟ್ಟಿ ಶೂ ಬೇಕು, ಚಿಕ್ಕಂದಿನಿಂದಲೇ ಶೂ ಹಾಕಿಸಿದರೆ ಕಾಲು ‘ನೇರವಾಗುತ್ತದೆ’ ಎಂಬ ನಂಬಿಕೆಗೆ ಇವು ನೇರ ವಿರುದ್ಧವಾಗಿವೆ. ಅಮೆರಿಕದ ಡಲ್ಲಾಸ್‌ನಲ್ಲಿ ವೆಂಗರ್ ಮತ್ತು ಸಂಗಡಿಗರು ಚಪ್ಪಟೆ ಪಾದದ ಮಕ್ಕಳಿಗೆ ಮೂರು ವರ್ಷ ‘ಸರಿಪಡಿಸುವ’ ಶೂ ಮತ್ತು ಒಳಹಲಗೆಗಳನ್ನು ತೊಡಿಸಿ ನೋಡಿದರು. 1989ರ ಅವರ ವರದಿಯಂತೆ, ಏನೂ ಕೊಡದೆ ಬಿಟ್ಟ ಮಕ್ಕಳ ಪಾದವೂ ಅಷ್ಟೇ ಸುಧಾರಿಸಿತ್ತು. ನೋವಿಲ್ಲದ ಮಗುವಿಗೆ ಸಾವಿರಾರು ರೂಪಾಯಿಯ ‘ಆರ್ಚ್ ಸಪೋರ್ಟ್’ ಕೊಡಿಸುವುದು ಆ ಹಣವನ್ನು ವ್ಯರ್ಥ ಮಾಡಿದಂತೆ.

ಸೈಜ್ ಎಂಬ ಸಂಖ್ಯೆ

ಭಾರತದ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ಸೈಜ್. ಅದರ ಮೂಲಮಾನ ಒಂದು ಬಾರ್ಲಿ ಕಾಳಿನ ಉದ್ದ, ಎಂದರೆ ಇಂಚಿನ ಮೂರನೇ ಒಂದು ಭಾಗ ಅಥವಾ ಸುಮಾರು 8.5 ಮಿಲಿಮೀಟರ್. ಮಕ್ಕಳ ಸೈಜ್ ನಾಲ್ಕು ಇಂಚಿನಿಂದ ಆರಂಭವಾಗಿ 13ರವರೆಗೆ ಏರಿ, ಅಲ್ಲಿಂದ ಮತ್ತೆ 1ಕ್ಕೆ ಬರುತ್ತದೆ. ಮಗುವಿನ 13 ನಂಬರಿನ ನಂತರದ ಶೂ ದೊಡ್ಡವರ 1 ನಂಬರಿನದು. ಪಾದ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಬೆಳೆದರೆ, ಅದು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೈಜ್ ಎಂದಾಯಿತು. ಈ ಸಂಖ್ಯೆ ಅಳೆಯುವುದು ಪಾದವನ್ನಲ್ಲ, ಶೂ ಕಟ್ಟಲು ಬಳಸುವ ಅಚ್ಚನ್ನು. ಅಚ್ಚಿನ ಆಕಾರ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಒಂದು ಬ್ರ್ಯಾಂಡಿನ 11 ಇನ್ನೊಂದರ 12ಕ್ಕೆ ಸಮನಾಗಬಹುದು. ‘ಹೋದ ವರ್ಷ ಹನ್ನೊಂದು, ಈ ವರ್ಷ ಹನ್ನೆರಡು ಕೊಡಿ’ ಎಂಬ ಲೆಕ್ಕಾಚಾರ ಇಲ್ಲಿ ಎಡವುತ್ತದೆ.

ಪಾದದ ಉದ್ದ ಅಗಲ ಎರಡನ್ನೂ ಒಟ್ಟಿಗೆ ಅಳೆಯುವ ಲೋಹದ ಪಟ್ಟಿಯನ್ನು ರೂಪಿಸಿದವರು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನ ಚಾರ್ಲ್ಸ್ ಬ್ರ್ಯಾನಕ್, 1920ರ ದಶಕದಲ್ಲಿ. ಅದೇ ಕಾಲಕ್ಕೆ ಅಮೆರಿಕ ಮತ್ತು ಯುರೋಪಿನ ಅಂಗಡಿಗಳಿಗೆ ಎಕ್ಸ್‌ರೇ ಯಂತ್ರವೂ ಬಂತು. ಶೂ ಸಮೇತ ಕಾಲಿಟ್ಟರೆ ಒಳಗಿನ ಬೆರಳ ಮೂಳೆಗಳು ಕಾಣುತ್ತಿದ್ದವು. ಮಕ್ಕಳಿಗೆ ಅದು ಆಟವಾಯಿತು, ವಿಕಿರಣದ ಅಪಾಯ ತಡವಾಗಿ ಅರಿವಿಗೆ ಬಂತು. 1957ರಲ್ಲಿ ಪೆನ್ಸಿಲ್ವೇನಿಯ ಅದನ್ನು ನಿಷೇಧಿಸಿದ ಮೊದಲ ಅಮೆರಿಕನ್ ರಾಜ್ಯವಾಯಿತು. ನಮ್ಮ ಊರುಗಳ ಬಹುಪಾಲು ಅಂಗಡಿಗಳಲ್ಲಿ ಇಂದಿಗೂ ಪಾದ ಅಳೆಯುವ ಪಟ್ಟಿ ಇರುವುದಿಲ್ಲ. ಅಂಗಡಿಯವರು ಕಣ್ಣಳತೆಯಲ್ಲೇ ಡಬ್ಬಿ ಇಳಿಸುತ್ತಾರೆ. ಅನುಭವಿಗಳ ಕಣ್ಣು ಉದ್ದವನ್ನು ಸರಿಯಾಗಿಯೇ ಹೇಳೀತು, ಅಗಲವನ್ನು ಹೇಳುವುದು ಕಷ್ಟ.

ಅಗಲದ ಪ್ರಶ್ನೆ ಭಾರತೀಯರಿಗೆ ಹೆಚ್ಚು ಸಲ್ಲುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ 1,01,880 ಜನರ ಪಾದಗಳನ್ನು ಮೂರು ಆಯಾಮದ ಸ್ಕ್ಯಾನರುಗಳಿಂದ ಅಳೆಯಿತು. ನಮ್ಮ ಪಾದ ಯುರೋಪಿಯನ್ನರ, ಅಮೆರಿಕನ್ನರ ಪಾದಕ್ಕಿಂತ ಸಾಮಾನ್ಯವಾಗಿ ಅಗಲ ಎಂದು ಅದು ಕಂಡುಕೊಂಡಿತು. ಅಗಲ ಸಾಲದ ಶೂವಿನಲ್ಲಿ ಕಾಲು ತುರುಕಲು ಜನ ಉದ್ದದ ಸೈಜನ್ನು ಏರಿಸಿಕೊಳ್ಳುತ್ತಾರೆ. ಆಗ ಹಿಮ್ಮಡಿ ಸಡಿಲ, ಮುಂಭಾಗ ಬಿಗಿ. ಹುಡುಗಿಯರ ಪಾದದ ಬೆಳವಣಿಗೆ ಸರಾಸರಿ ಹನ್ನೊಂದರಲ್ಲೂ ಹುಡುಗರದು ಹದಿನೈದು ಹದಿನಾರರಲ್ಲೂ ತುದಿ ಮುಟ್ಟುತ್ತದೆ ಎಂಬುದು ಅದೇ ಸಮೀಕ್ಷೆಯ ಇನ್ನೊಂದು ಫಲಿತಾಂಶ. ಇದರ ಆಧಾರದ ಮೇಲೆ ‘ಭಾ’ ಎಂಬ ಹೆಸರಿನ ಭಾರತೀಯ ಅಳತೆ ಪದ್ಧತಿಯನ್ನು ಪ್ರಸ್ತಾಪಿಸಲಾಗಿದೆ. ಅದರ ಎಂಟು ವರ್ಗಗಳಲ್ಲಿ ಆರು ಮಕ್ಕಳವೇ.

ಆಯ್ಕೆ

ಶೂ ಕೊಳ್ಳುವ ಮೊದಲು ಮನೆಯಲ್ಲೇ ಪಾದ ಅಳೆಯುವುದು ಸುಲಭ. ಸಂಜೆಯ ಹೊತ್ತು, ಪಾದ ಸ್ವಲ್ಪ ಉಬ್ಬಿರುವಾಗ, ಮಗುವನ್ನು ಗೋಡೆಗೆ ಹಿಮ್ಮಡಿ ತಾಗಿಸಿ ರಟ್ಟಿನ ಮೇಲೆ ಎರಡೂ ಕಾಲಿಗೆ ಸಮಭಾರ ಬೀಳುವಂತೆ ನಿಲ್ಲಿಸಬೇಕು. ಕೂತಾಗ ತೆಗೆದ ಅಳತೆ ಕಡಿಮೆ ಬರುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಬೇಕು. ಅತಿ ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕಿಲ್ಲ, ಎಷ್ಟೋ ಮಕ್ಕಳಲ್ಲಿ ಎರಡನೆಯದು. ಆ ಬೆರಳ ತುದಿಯಿಂದ ಮುಂದಕ್ಕೆ 12 ಮಿಲಿಮೀಟರ್ ಸೇರಿಸಿ ಗುರುತು ಹಾಕಿ, ಆಕಾರವನ್ನು ಕತ್ತರಿಸಿಕೊಂಡರೆ ಅಂಗಡಿಗೆ ಒಯ್ಯುವ ಅಳತೆಪಟ್ಟಿ ಸಿದ್ಧ. ರಟ್ಟು ಶೂವಿನೊಳಗೆ ಬದಿ ಮಡಚದೆ, ತುದಿ ಬಾಗದೆ ಕೂತರೆ ಉದ್ದವೂ ಅಗಲವೂ ಸರಿಯಿವೆ.

ಅಂಗಡಿಯಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು. ಇದನ್ನು ನಂಬುವಂತಿಲ್ಲ, ಏಕೆಂದರೆ ಒತ್ತಿದ ಕೂಡಲೇ ಮಗು ಒಳಗೆ ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಳಗಿನ ಹಾಸು ಹೊರಬರುವಂತಿದ್ದರೆ ಅದನ್ನು ತೆಗೆದು, ಮಗುವನ್ನು ಅದರ ಮೇಲೆ ನಿಲ್ಲಿಸಿ ನೋಡುವುದು ಹೆಚ್ಚು ಖಚಿತ. ಬೆರಳ ಮುಂದೆ ಒಂದು ಸೆಂಟಿಮೀಟರಿಗೂ ಮೀರಿ ಹಾಸು ಉಳಿದಿರಬೇಕು, ಪಾದದ ಬದಿ ಹಾಸಿನಿಂದ ಹೊರಚೆಲ್ಲಬಾರದು. ಶಾಲೆಗೆ ಹಾಕುವ ಕಾಲುಚೀಲವನ್ನೇ ತೊಡಿಸಿ, ಎರಡೂ ಶೂ ಹಾಕಿಸಿ, ಅಂಗಡಿಯ ಉದ್ದಕ್ಕೂ ನಡೆಸಿ ಓಡಿಸಬೇಕು. ಹಿಂದೆ ನಿಂತು ನೋಡಿದಾಗ ಹಿಮ್ಮಡಿ ಶೂವಿನಿಂದ ಎದ್ದೆದ್ದು ಬರುತ್ತಿದ್ದರೆ ಅದು ದೊಡ್ಡದು.

‘ಬೆಳೆಯೋ ಕಾಲು, ಎರಡು ನಂಬರ್ ದೊಡ್ಡದೇ ಇರಲಿ’ ಎಂಬ ಮಾತು ಪ್ರತಿ ಮೇ ತಿಂಗಳಲ್ಲೂ ಕೇಳುತ್ತದೆ. ವರ್ಷಕ್ಕೆ ಒಂದೇ ಜೊತೆ ಕೊಳ್ಳಬಲ್ಲ ಮನೆಯವರ ಈ ಮಾತನ್ನು ಹಗುರವಾಗಿ ಕಾಣುವಂತಿಲ್ಲ, ಲೆಕ್ಕ ಹಾಕಿಯೇ ನೋಡಬೇಕು. ಜೂನ್ ಒಂದರಂದು ಬೆರಳ ಮುಂದೆ 12 ಮಿಲಿಮೀಟರ್ ಜಾಗವಿದೆ ಎಂದಿಟ್ಟುಕೊಳ್ಳೋಣ. ಮಾರ್ಚ್ ಕೊನೆಗೆ ಹತ್ತು ತಿಂಗಳಲ್ಲಿ ಪಾದ ಸರಾಸರಿ ಏಳೂವರೆ ಮಿಲಿಮೀಟರ್ ಬೆಳೆದಿರುತ್ತದೆ, ನಾಲ್ಕೂವರೆ ಉಳಿಯುತ್ತದೆ. ನಡೆಯುವಾಗ ಪಾದ ಶೂವಿನೊಳಗೆ ಮುಂದಕ್ಕೆ ಜರುಗುವುದರಿಂದ ಅಷ್ಟು ಜಾಗ ಸಾಲದು. ಹಾಗೆಂದು ಮೊದಲ ದಿನವೇ 20–25 ಮಿಲಿಮೀಟರ್ ಬಿಟ್ಟರೆ ಮೊದಲ ಅರ್ಧ ವರ್ಷವಿಡೀ ಮಗು ಬೆರಳುಗಳನ್ನು ಒಳಗೆ ಮುದುಡಿ ಶೂವನ್ನು ಹಿಡಿದುಕೊಂಡೇ ನಡೆಯಬೇಕಾಗುತ್ತದೆ, ಮೆಟ್ಟಿಲಲ್ಲಿ ಎಡವುತ್ತದೆ, ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. 12ರಿಂದ 15 ಮಿಲಿಮೀಟರ್ ಬಿಟ್ಟು ಕೊಂಡು, ದಸರಾ ರಜೆಯಲ್ಲಿ ಮತ್ತೊಮ್ಮೆ ಅಳೆಯುವುದು ಇವೆರಡರ ನಡುವಿನ ದಾರಿ. ಆ ರಜೆ ಶೈಕ್ಷಣಿಕ ವರ್ಷದ ನಡುಮಧ್ಯಕ್ಕೆ ಬರುತ್ತದೆ, ಮನೆಯವರಿಗೂ ಬಿಡುವು ಇರುತ್ತದೆ, ಶೂ ಅಂಗಡಿಗಳಲ್ಲಿ ಮೇ ಕೊನೆಯ ನೂಕುನುಗ್ಗಲು ಇರುವುದಿಲ್ಲ. ದುಬಾರಿ ಬೆಲೆಯ ಒಂದು ಜೊತೆಯನ್ನು ಹತ್ತು ತಿಂಗಳು ಎಳೆಯುವುದಕ್ಕಿಂತ, ಸಾಧಾರಣ ಬೆಲೆಯದನ್ನು ಕೊಂಡು ಅಗತ್ಯ ಬಿದ್ದರೆ ನವೆಂಬರಿನಲ್ಲಿ ಬದಲಿಸುವುದು ಪಾದಕ್ಕೆ ಹಿತ. ಆರು ವರ್ಷದೊಳಗಿನವರ ಪಾದವನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಬೇಕು.

ಚಿಕ್ಕ ಶೂವಿನ ಪರಿಣಾಮ ಬರಿಯ ಬೊಬ್ಬೆಗೆ ನಿಲ್ಲುವುದಿಲ್ಲ. ಆಸ್ಟ್ರಿಯದ 858 ಶಾಲಾಪೂರ್ವ ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ, ಶೂವಿನ ಉದ್ದ ಕಡಿಮೆಯಾದಷ್ಟೂ ಹೆಬ್ಬೆರಳು ಹೊರಬದಿಗೆ ವಾಲುವುದು ಹೆಚ್ಚು ಎಂದು ತೋರಿಸಿತು. ಅನುಕೂಲಸ್ಥ ದೇಶದ ಆ ಮಕ್ಕಳಲ್ಲೂ ಹೆಚ್ಚಿನವರು ತೊಟ್ಟಿದ್ದುದು ಚಿಕ್ಕ ಶೂಗಳನ್ನೇ.

ಅಳತೆ ಸರಿಯಾದ ಮೇಲೆ ರಚನೆಯ ಮಾತು. ಮುಂಭಾಗ ಅಗಲವಾಗಿ, ಬೆರಳುಗಳು ಮೇಲೆ ಕೆಳಗೆ ಆಡುವಷ್ಟು ಎತ್ತರವಾಗಿ ಇರಬೇಕು. ಅಟ್ಟೆ ಬೆರಳ ಬುಡದಲ್ಲಿ ಸಲೀಸಾಗಿ ಮಡಿಯಬೇಕು. ನಡುವೆ ಮಡಿದರೆ ಅದು ದುರ್ಬಲ, ಎಲ್ಲೂ ಮಡಿಯದಿದ್ದರೆ ಅದು ಹಲಗೆಯಾಗಿ ಪಾದದ ಚಲನೆಯನ್ನು ಕಟ್ಟಿಹಾಕುತ್ತದೆ. ಹಿಮ್ಮಡಿಯ ಹಿಂಬದಿ ಕುಸಿಯದಷ್ಟು ಗಟ್ಟಿ, ಅಂಚು ಮೆತ್ತಗೆ. ಎತ್ತರದ ಹೀಲ್ ಯಾವ ವಯಸ್ಸಿನ ಶಾಲಾಮಕ್ಕಳಿಗೂ ಬೇಡ. ಪಾದದ ಮೇಲ್ಭಾಗವನ್ನು ಹಿಡಿದುಕೊಳ್ಳಲು ಲೇಸ್, ವೆಲ್ಕ್ರೋ ಅಥವಾ ಬಕಲ್ ಪಟ್ಟಿ ಏನಾದರೊಂದು ಇರಲೇಬೇಕು. ಅದಿಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಬೆರಳು ತುದಿಗೆ ಬಡಿಯುತ್ತದೆ. ಲೇಸ್ ಕಟ್ಟಲು ಬಾರದ ಆರು ವರ್ಷದೊಳಗಿನವರಿಗೆ ವೆಲ್ಕ್ರೋ ಒಳ್ಳೆಯದು. ಹುಡುಗಿಯರ ಪಟ್ಟಿ ಶೂಗಳನ್ನು ಮಾತ್ರ ಹೆಚ್ಚು ಎಚ್ಚರದಿಂದ ನೋಡಬೇಕು. ಅವುಗಳಲ್ಲಿ ಹಲವು ಹುಡುಗರ ಶೂಗಿಂತ ಮುಂದೆ ಕಿರಿದಾಗಿಯೂ ತಗ್ಗಾಗಿಯೂ ಇರುತ್ತವೆ. ಎಂಟು ವರ್ಷದ ಹುಡುಗಿಯ ಪಾದ ಅದೇ ವಯಸ್ಸಿನ ಹುಡುಗನ ಪಾದದಷ್ಟೇ ಓಡುತ್ತದೆ, ಅಷ್ಟೇ ಜಾಗ ಅದಕ್ಕೂ ಬೇಕು.

ಅಣ್ಣನ ಶೂ ತಮ್ಮನಿಗೆ ಬರುವುದು ನಮ್ಮ ಮನೆಗಳ ರೂಢಿ. ಹೆಚ್ಚು ಬಳಸದ, ಅಟ್ಟೆ ಒಂದು ಬದಿಗೆ ಸವೆಯದ, ಒಳಹಾಸಿನಲ್ಲಿ ಬೆರಳ ಗುಳಿ ಬೀಳದ ಶೂ ಆದರೆ ಅಡ್ಡಿಯಿಲ್ಲ. ವರ್ಷವಿಡೀ ಹಾಕಿದ್ದು ಮೊದಲ ಕಾಲಿನ ಆಕಾರವನ್ನು ತಾಳಿಬಿಟ್ಟಿರುತ್ತದೆ.

ವಸ್ತು

ಚರ್ಮ ಕಾಲಿನ ಆಕಾರಕ್ಕೆ ಒಗ್ಗುತ್ತದೆ, ಬೆವರನ್ನು ಹೊರಬಿಡುತ್ತದೆ, ಬೆಲೆ ಹೆಚ್ಚು, ಮಳೆಗೆ ಆಗದು. ಮಾರುಕಟ್ಟೆಯ ಹೆಚ್ಚಿನ ಕಪ್ಪು ಶಾಲಾ ಶೂಗಳು ಪಿವಿಸಿ ಅಥವಾ ಪಿಯು ಮೇಲ್ಮೈಯವು. ಅಗ್ಗ, ಒರೆಸಿದರೆ ಹೊಳೆಯುತ್ತವೆ, ಆದರೆ ಒಳಗಿನ ಬೆವರು ಒಳಗೇ ಉಳಿಯುತ್ತದೆ. ಬಿಳಿ ಕ್ಯಾನ್ವಾಸ್ ಶೂವನ್ನು ಬಡವರ ಶೂ ಎಂದು ಕೀಳಾಗಿ ಕಾಣುವವರಿದ್ದಾರೆ. ಪಾದದ ದೃಷ್ಟಿಯಿಂದ ಅದು ಇವೆಲ್ಲಕ್ಕಿಂತ ಮೇಲು. ಹಗುರ, ಅಟ್ಟೆ ಮಡಿಯುತ್ತದೆ, ಗಾಳಿಯಾಡುತ್ತದೆ, ತೊಳೆಯಬಹುದು. ಶಾಲೆಗಳು ವಾರದ ಐದು ದಿನವೂ ಅದನ್ನೇ ಒಪ್ಪಿಕೊಂಡರೆ ಮಕ್ಕಳ ಪಾದಕ್ಕೂ ಮನೆಯವರ ಜೇಬಿಗೂ ಒಳಿತು. ಅದನ್ನು ಬೆಳ್ಳಗಿಡಲು ಸೀಮೆಸುಣ್ಣ ಉಜ್ಜುವ ಭಾನುವಾರದ ಕೆಲಸವನ್ನು ಮಕ್ಕಳೇ ಮಾಡಿಕೊಳ್ಳಬಲ್ಲರು.

ಮಳೆ, ಬೆವರು, ಕಾಲುಚೀಲ

ಶಾಲೆ ತೆರೆಯುವುದೂ ಮುಂಗಾರು ಇಳಿಯುವುದೂ ಒಂದೇ ಹೊತ್ತಿಗೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಹೊಸ ಶೂ ಮೊದಲ ವಾರವೇ ನೆನೆಯುತ್ತದೆ. ಒದ್ದೆ ಶೂವಿನಲ್ಲಿ ಆರೇಳು ಗಂಟೆ ಇದ್ದ ಕಾಲಿನ ಬೆರಳ ಸಂದಿ ಬೆಳ್ಳಗೆ ಮೆತ್ತಗಾಗಿ, ಶಿಲೀಂಧ್ರ ಸೇರಿ, ತುರಿಕೆಯ ಕೆಸರುಹುಣ್ಣಾಗುತ್ತದೆ. ಇದಕ್ಕೆ ಮೊದಲ ಔಷಧ ಒಣಗಿಸುವುದು. ಮನೆಗೆ ಬಂದ ಕೂಡಲೇ ಕಾಲು ತೊಳೆದು, ಪ್ರತಿ ಬೆರಳ ನಡುವೆಯೂ ಬಟ್ಟೆ ಹಾಯಿಸಿ ಒರೆಸಬೇಕು. ನಾಲ್ಕೈದು ದಿನದಲ್ಲಿ ವಾಸಿಯಾಗದಿದ್ದರೆ ಎಣ್ಣೆ ಹಚ್ಚುತ್ತಾ ಕೂರದೆ ವೈದ್ಯರಿಂದ ಶಿಲೀಂಧ್ರನಾಶಕ ಮುಲಾಮು ಪಡೆಯಬೇಕು. ಮಳೆಗಾಲದ ಮೂರು ತಿಂಗಳು ಹಿಂಪಟ್ಟಿಯಿರುವ ಸ್ಯಾಂಡಲ್‌ಗೆ ಅವಕಾಶ ಕೊಡುವ ಶಾಲೆಗಳು ಸರಿಯಾದುದನ್ನೇ ಮಾಡುತ್ತಿವೆ.

ನೆನೆದ ಶೂವನ್ನು ಒಲೆಯ ಪಕ್ಕ ಇಟ್ಟರೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಒಳಹಾಸು ತೆಗೆದು, ಹಳೆ ಪತ್ರಿಕೆಯನ್ನು ಉಂಡೆ ಮಾಡಿ ತುಂಬಿ, ಕಾಗದ ನೆಂದಂತೆಲ್ಲ ಬದಲಿಸಿ, ಫ್ಯಾನಿನ ಗಾಳಿಗೆ ಇಡಬೇಕು. ಮೇಣದ ಪಾಲಿಶ್ ಬೇಕಿರುವುದು ಚರ್ಮಕ್ಕೆ ಮಾತ್ರ, ಪ್ಲಾಸ್ಟಿಕ್ ಮೇಲ್ಮೈಗೆ ಒದ್ದೆ ಬಟ್ಟೆ ಸಾಕು.

ಬಯಲುಸೀಮೆಯಲ್ಲಿ ತೊಂದರೆ ತಿರುಗುಮುರುಗು. ರಾಯಚೂರು, ಕಲಬುರಗಿಯ ಮಾರ್ಚ್ ಬಿಸಿಲಿನಲ್ಲಿ ಮುಚ್ಚಿದ ಪ್ಲಾಸ್ಟಿಕ್ ಶೂವಿನೊಳಗೆ ನೈಲಾನ್ ಕಾಲುಚೀಲ ಹಾಕಿದ ಪಾದ ಬೆವರಿನಲ್ಲೇ ಇರುತ್ತದೆ. ಅಂಗಾಲಿನ ಮುಂಭಾಗ ಕೆಂಪಾಗಿ, ಹೊಳಪೇರಿ, ಸೀಳುಬಿಡುವ ಒಂದು ಚರ್ಮದ ತೊಂದರೆ ಶಾಲಾ ವಯಸ್ಸಿನವರಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನು ಶಿಲೀಂಧ್ರವೆಂದು ತಪ್ಪಾಗಿ ತಿಳಿಯುವುದುಂಟು. ಆದರೆ ಇದರಲ್ಲಿ ಬೆರಳ ಸಂದಿಗಳು ಚೆನ್ನಾಗಿಯೇ ಇರುತ್ತವೆ. ಹತ್ತಿಯ ಕಾಲುಚೀಲ, ಗಾಳಿಯಾಡುವ ಶೂ, ರಾತ್ರಿ ಅಂಗಾಲಿಗೆ ವ್ಯಾಸಲೀನು, ಇಷ್ಟರಿಂದಲೇ ಹೆಚ್ಚಿನವರಿಗೆ ಗುಣವಾಗುತ್ತದೆ. ಪಾದದ ಮೇಲ್ಭಾಗದಲ್ಲಿ ಶೂ ತಾಗುವಲ್ಲೇ ತುರಿಗಜ್ಜಿ ಎದ್ದರೆ ಚರ್ಮ ಹದಮಾಡುವ ಕ್ರೋಮಿಯಂ ಅಥವಾ ರಬ್ಬರಿನ ರಾಸಾಯನಿಕ ಒಗ್ಗದಿರಬಹುದು.

ಕಾಲುಚೀಲವೂ ಬೆಳೆಯುವ ಪಾದವನ್ನು ಹಿಡಿಯುತ್ತದೆ ಎಂಬುದು ಗಮನಕ್ಕೆ ಬರುವುದು ಕಡಿಮೆ. ಒಗೆದು ಒಗೆದು ಕುಗ್ಗಿದ ಕಾಲುಚೀಲ ಬೆರಳುಗಳನ್ನು ಶೂಗಿಂತ ಮೊದಲೇ ಮುದುಡಿಸಿಡುತ್ತದೆ. ದಿನವೂ ಒಗೆದದ್ದು ಬೇಕು. ಶೂಗೂ ಸಾಧ್ಯವಾದರೆ ಒಂದು ದಿನದ ವಿಶ್ರಾಂತಿ ಬೇಕು, ಒಳಗೆ ಪೂರ್ತಿ ಒಣಗಲು ಒಂದು ರಾತ್ರಿ ಸಾಲದು.

ತೊಂದರೆಗಳು, ವೈದ್ಯರನ್ನು ಕಾಣುವ ಹೊತ್ತು

ಉಗುರನ್ನು ಮೂಲೆಗಳಲ್ಲಿ ಗುಂಡಗೆ ಇಳಿಸದೆ ನೇರವಾಗಿ ಕತ್ತರಿಸಬೇಕು. ಗುಂಡಗೆ ಕತ್ತರಿಸಿದ ಉಗುರಿನ ಅಂಚು ಬಿಗಿ ಶೂವಿನ ಒತ್ತಡಕ್ಕೆ ಮಾಂಸದೊಳಗೆ ಇಳಿದು ಕೀವಾಗುತ್ತದೆ. ಅಂಗಾಲಿನಲ್ಲಿ ಗಂಟು ಕಂಡರೆ ಅದು ಒತ್ತಡದ ಆಣಿಯೋ ವೈರಸ್ಸಿನ ನರಹುಲಿಯೋ ತಿಳಿಯದೆ ಬ್ಲೇಡು ಹಾಕಬಾರದು. ಮಕ್ಕಳಲ್ಲಿ ಆಣಿಗಿಂತ ನರಹುಲಿಯೇ ಸಾಮಾನ್ಯ.

ಎಂಟರಿಂದ ಹದಿನಾಲ್ಕು ವರ್ಷದ, ಆಟದಲ್ಲಿ ಮುಂದಿರುವ ಮಕ್ಕಳು ಹಿಮ್ಮಡಿಯ ಹಿಂಬದಿ ನೋವೆಂದು ಕುಂಟಿದರೆ, ಹಿಮ್ಮಡಿ ಮೂಳೆಯ ಬೆಳವಣಿಗೆಯ ತುಣುಕಿನ ಮೇಲೆ ಬಿದ್ದ ಎಳೆತ ಅದಕ್ಕೆ ಕಾರಣವಾಗಿರುವುದು ಹೆಚ್ಚು. ಅಮೆರಿಕದ ಜೇಮ್ಸ್ ಸೀವರ್ 1912ರಲ್ಲಿ ಇದನ್ನು ವಿವರಿಸಿದರು, ಅವರ ಹೆಸರಿನಿಂದಲೇ ಅದು ಪರಿಚಿತ. ಆಟ ತಗ್ಗಿಸಿ, ಮೀನಖಂಡ ಎಳೆಯುವ ವ್ಯಾಯಾಮ ಮಾಡಿಸಿ, ಸವೆದ ತೆಳು ಅಟ್ಟೆಯ ಶೂ ಬದಲಿಸಿದರೆ ಶಮನವಾಗುತ್ತದೆ. ಮೂಳೆ ಕೂಡಿಕೊಂಡ ಮೇಲೆ ಮರಳಿ ಬರುವುದಿಲ್ಲ. ಒಂದೇ ಕಾಲಿನ ನೋವು, ಕಾರಣ ಕಾಣದ ಕುಂಟು, ಊತ, ಜ್ವರ, ತುದಿಗಾಲಲ್ಲಿ ನಿಂತರೂ ಕಮಾನು ಮೂಡದ ಬಿಗಿಯಾದ ಚಪ್ಪಟೆ ಪಾದ, ಮೂರು ವರ್ಷ ದಾಟಿದರೂ ಬಿಡದ ತುದಿಗಾಲ ನಡಿಗೆ, ಇವನ್ನೆಲ್ಲ ಮೂಳೆ ವೈದ್ಯರಿಗೆ ತೋರಿಸಲೇಬೇಕು.

ಬರಿಗಾಲು

ಮನೆಯೊಳಗೆ ಚಪ್ಪಲಿ ಹಾಕದ ನಮ್ಮ ಪದ್ಧತಿ ಮಕ್ಕಳ ಪಾದಕ್ಕೆ ದೊಡ್ಡ ವರ. ಬರಿಗಾಲಲ್ಲಿ ಬೆರಳುಗಳು ನೆಲ ಹಿಡಿಯುತ್ತವೆ, ಪಾದದ ಸಣ್ಣ ಸ್ನಾಯುಗಳು ದುಡಿಯುತ್ತವೆ. ತರಗತಿಯ ಹೊರಗೆ ಶೂ ಬಿಡಿಸುವ ಶಾಲೆಗಳು, ಮಣ್ಣಿನ ಅಂಗಳದಲ್ಲಿ ಬರಿಗಾಲಲ್ಲೇ ಖೊಖೊ, ಕಬಡ್ಡಿ ಆಡಿಸುವ ಶಾಲೆಗಳು ತಿಳಿದೋ ತಿಳಿಯದೆಯೋ ಪಾದಕ್ಕೆ ಉಪಕಾರ ಮಾಡುತ್ತಿವೆ.

ಆದರೆ ಶಾಲೆಯ ದಾರಿ ಬೇರೆ. ಗಾಜಿನ ಚೂರು, ಮುಳ್ಳು, ಕಾದ ಟಾರು ಅಲ್ಲಿವೆ. ಬಯಲು ಶೌಚವಿರುವ ಕಡೆ ತೇವದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳೂ ಇರುತ್ತವೆ. ಅವು ಬರಿಗಾಲಿನ ಚರ್ಮವನ್ನು ತೂರಿ ಒಳಸೇರಿ ಕರುಳಿಗೆ ಹೋಗಿ ರಕ್ತ ಹೀರುತ್ತವೆ. ರಕ್ತಹೀನತೆಯಿಂದ ಮಗು ಪಾಠದಲ್ಲಿ ಮಂಕಾಗುತ್ತದೆ. 2015ರಲ್ಲಿ ಆರಂಭವಾಗಿ ಈಗ ದೇಶದಾದ್ಯಂತ ನಡೆಯುತ್ತಿರುವ ಜಂತುಹುಳು ನಿವಾರಣಾ ದಿನದಂದು ಕೊಡುವ ಆಲ್ಬೆಂಡಜೋಲ್ ಮಾತ್ರೆ ಒಳಗಿರುವ ಹುಳುವನ್ನು ಕೊಲ್ಲುತ್ತದೆ, ಕಾಲಿನ ಮೂಲಕ ಹೊಸದು ಒಳಬರದಂತೆ ತಡೆಯಲು ಪಾದರಕ್ಷೆ ಬೇಕು.

ಶೂ ಭಾಗ್ಯ

ಕರ್ನಾಟಕ ಸರ್ಕಾರ 2015–16ರಲ್ಲಿ ಆರಂಭಿಸಿದ ಶೂ ಭಾಗ್ಯ ಯೋಜನೆಯಡಿ ಸರ್ಕಾರಿ ಶಾಲೆಗಳ ಒಂದರಿಂದ ಹತ್ತನೇ ತರಗತಿಯ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಕಾಲುಚೀಲ ದೊರೆಯುತ್ತದೆ. ಹಣ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ ಹೋಗುತ್ತದೆ, ಖರೀದಿ ಅವುಗಳದ್ದೇ. 2022–23ರಲ್ಲಿ ಒಂದರಿಂದ ಐದನೇ ತರಗತಿಗೆ 265, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325 ರೂಪಾಯಿ ನಿಗದಿಯಾಗಿತ್ತು. ಸ್ಥಳೀಯ ಹವಾಮಾನ ನೋಡಿಕೊಂಡು ಶೂ ಬದಲು ಸ್ಯಾಂಡಲ್ ಕೊಳ್ಳಲು ನಂತರ ಸಮಿತಿಗಳಿಗೆ ಅವಕಾಶ ಸಿಕ್ಕಿತು. ಮಣಿಪಾಲದ ಅಂಕಿಗಳನ್ನು ನೆನೆದರೆ ಆ ಅವಕಾಶವನ್ನು ಕರಾವಳಿಯಾಚೆಯ ಸಮಿತಿಗಳೂ ಧೈರ್ಯವಾಗಿ ಬಳಸಬೇಕು, ಮುಖ್ಯವಾಗಿ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ.

ಇಂಥ ಖರೀದಿಯ ಫಲ ನಿಂತಿರುವುದು ಅಳತೆಯ ಪಟ್ಟಿಯ ಮೇಲೆ. ಫೆಬ್ರುವರಿಯಲ್ಲಿ ಬರೆದುಕೊಂಡ ಸೈಜಿಗೆ ಆಗಸ್ಟಿನಲ್ಲಿ ಶೂ ಬಂದರೆ ಆ ಹೊತ್ತಿಗೆ ಅರ್ಧ ಸೈಜ್ ಬೆಳವಣಿಗೆ ಮುಗಿದಿರುತ್ತದೆ. ಪಟ್ಟಿಯಲ್ಲಿ ನಂಬರಿನ ಬದಲು ಪಾದದ ಉದ್ದವನ್ನು ಮಿಲಿಮೀಟರಿನಲ್ಲಿ, ಅಳೆದ ತಾರೀಖಿನೊಂದಿಗೆ ಬರೆದಿಟ್ಟರೆ ಯಾವ ಕಂಪನಿಯ ಶೂ ಆದರೂ ಸೈಜ್ ಗುರುತಿಸಬಹುದು. ಗೋಡೆಗೆ ಅಂಟಿಸಿದ ಒಂದು ಅಳತೆಪಟ್ಟಿ, ಒಂದು ವಹಿ, ತರಗತಿಗೆ ಅರ್ಧ ಗಂಟೆ ಇದ್ದರೆ ಆಯಿತು. ಹೆಚ್ಚುವರಿಯಾಗಿ ಬಂದ ಜೊತೆಗಳನ್ನು ಶಾಲೆಯಲ್ಲೇ ಇಟ್ಟುಕೊಂಡು, ದಸರಾ ನಂತರದ ಅಳತೆಯಲ್ಲಿ ಶೂ ಚಿಕ್ಕದಾಗಿದೆ ಎಂದು ಕಂಡ ಮಕ್ಕಳಿಗೆ ಬದಲಿಸಿ ಕೊಡಬಹುದು. ಕ್ಯಾಲಿಪರ್ ಅಥವಾ ಪ್ಲಾಸ್ಟಿಕ್ ಆಧಾರ ತೊಡುವ ವಿಶೇಷ ಚೇತನ ಮಕ್ಕಳ ಅಳತೆಯನ್ನು ಆ ಸಾಧನ ತೊಟ್ಟಿರುವಾಗಲೇ ತೆಗೆದುಕೊಳ್ಳಬೇಕು. ಅವರಲ್ಲಿ ಎಷ್ಟೋ ಮಂದಿಗೆ ಎಡಗಾಲಿಗೊಂದು ಸೈಜ್, ಬಲಗಾಲಿಗೊಂದು ಸೈಜ್ ಬೇಕಾಗುತ್ತದೆ, ಅದಕ್ಕೆ ಎರಡು ಜೊತೆ ಕೊಳ್ಳುವ ಹಣವನ್ನು ಸಮಿತಿ ಮೊದಲೇ ತೆಗೆದಿಡಬೇಕು.